ಕೆಡವುವ ಮೊದಲು: ಪ್ಯಾಟ್ರಿಕ್ ಗೆಡ್ಡಿಸ್ ಅವರ ಬದುಕು ಮತ್ತು ಕೆಲಸ

(ದತ್ತಿ ಉಪನ್ಯಾಸದ ಪಠ್ಯ)



ವಾಸ್ತುಶಿಲ್ಪ ಓದುವ ಹುಡುಗ ಹುಡುಗಿಯರಿಗೆ ಪ್ಯಾಟ್ರಿಕ್ ಗೆಡ್ಡಿಸ್ ಅಂದರೆ ಪರೀಕ್ಷೆಗೆ ಬರುವ ಒಂದು ಲಘು ಟಿಪ್ಪಣಿ. ಮೊದಲು ಸಮೀಕ್ಷೆ, ಆಮೇಲೆ ಯೋಜನೆ ಎಂದು ಬರೆದು, ಸ್ಥಳ, ದುಡಿಮೆ, ಜನ ಎಂಬ ಮೂರು ಮಾತು ಸೇರಿಸಿ, ಪಕ್ಕದಲ್ಲಿ ಒಂದು ಚೌಕ ಎಳೆದರೆ ಅಂಕ ಸಿಗುತ್ತದೆ. ಆ ಟಿಪ್ಪಣಿಯಲ್ಲಿ ಮನುಷ್ಯ ಕಾಣುವುದಿಲ್ಲ. ಕಂಡಿದ್ದರೆ ವಿದ್ಯಾರ್ಥಿಗಳು ಮೊದಲು ನಗುತ್ತಿದ್ದರು. ನಗರ ಯೋಜನೆಯ ಪಿತಾಮಹರಲ್ಲಿ ಒಬ್ಬರೆಂದು ಹೆಸರಾದ ಈ ಸ್ಕಾಟ್ಲೆಂಡಿನ ಮನುಷ್ಯ ವಾಸ್ತುಶಿಲ್ಪ ಓದಿದವರಲ್ಲ, ಇಂಜಿನಿಯರಿಂಗ್ ಓದಿದವರಲ್ಲ, ಯಾವ ವಿಷಯದಲ್ಲೂ ಪದವಿ ಪಡೆದವರಲ್ಲ. ಹೊಟ್ಟೆಪಾಡಿಗೆ ಸಸ್ಯಶಾಸ್ತ್ರದ ಮೇಷ್ಟ್ರು. ಅವರು ಕಟ್ಟಿಸಿದ ಕಟ್ಟಡಗಳ ನಕ್ಷೆಗಳನ್ನು ಬರೆದವರು ಬೇರೆಯವರು: ಎಡಿನ್‌ಬರೋದಲ್ಲಿ ಹೆನ್‌ಬೆಸ್ಟ್ ಕ್ಯಾಪರ್, ಸಿಡ್ನಿ ಮಿಚೆಲ್, ಮುಂದೆ ಅಳಿಯ ಫ್ರ್ಯಾಂಕ್ ಮಿಯರ್ಸ್.

ಅವರ ಬಗ್ಗೆ ದೊಡ್ಡ ದೊಡ್ಡ ಮಾತುಗಳು ಬೇಕಾದಷ್ಟು ಬಂದಿವೆ. ಪರಿಸರವಾದದ ಮುಂಗೋಳಿ, ದಾರ್ಶನಿಕ, ಋಷಿ, ಹೀಗೆ. ನನಗೆ ಅವರು ಮುಖ್ಯರಾಗುವುದು ಇನ್ನೊಂದು ಕಾರಣಕ್ಕೆ. ಊರು ಸುಧಾರಿಸುತ್ತೇವೆಂದು ಕಡತ ಹಿಡಿದು ಬಂದವರನ್ನು ಅವರು ಮೂರು ಪ್ರಶ್ನೆ ಕೇಳಿದರು. ಇದಕ್ಕೆ ಎಷ್ಟು ಖರ್ಚು? ಕೆಡವಿದ ಮನೆಯವರು ಎಲ್ಲಿಗೆ ಹೋಗುತ್ತಾರೆ? ಇದೇ ಅನುಕೂಲವನ್ನು ಇಷ್ಟು ಕೆಡವದೆ ಕೊಡಲು ಆಗುವುದಿಲ್ಲವೆ? ಗೆಡ್ಡಿಸ್ ಅವರ ನಿಜವಾದ ಗಟ್ಟಿತನ ಇರುವುದು ಅವರ ತತ್ತ್ವಚಿಂತನೆಯಲ್ಲಲ್ಲ, ಅಂದಾಜು ಪಟ್ಟಿಯಲ್ಲಿ. ಇವತ್ತಿನ ಉಪನ್ಯಾಸದಲ್ಲಿ ಇದೇ ನನ್ನ ವಾದ.

ಹುಟ್ಟಿದ್ದು 1854ರ ಅಕ್ಟೋಬರ್ 2ರಂದು, ಅಬರ್ಡೀನ್ ಸೀಮೆಯ ಬ್ಯಾಲಟರ್ ಎಂಬ ಸಣ್ಣ ಊರಿನಲ್ಲಿ. ತಂದೆ ಅಲೆಕ್ಸಾಂಡರ್, ಬ್ಲ್ಯಾಕ್ ವಾಚ್ ಎಂಬ ರೆಜಿಮೆಂಟಿನ ಸಿಪಾಯಿ. ಮಗ ಬೆಳೆದದ್ದು ಪರ್ತ್ ಪಟ್ಟಣದ ಹೊರಗೆ, ಕಿನೂಲ್ ಗುಡ್ಡದ ಮಗ್ಗುಲಿನ ಒಂದು ಮನೆಯಲ್ಲಿ. ತೋಟದ ಕೆಲಸ ಅಪ್ಪನಿಂದ ಬಂತು. ಗುಡ್ಡದ ಮೇಲಿಂದ ನೋಡಿದರೆ ಟೇ ನದಿ, ಅದರ ಬಯಲು, ಹೊಲ, ಪಟ್ಟಣ, ಎಲ್ಲ ಒಂದೇ ನೋಟಕ್ಕೆ ಸಿಗುತ್ತವೆ. ಮುಂದೆ ಊರನ್ನು ಅದರ ನದಿಬಯಲಿನಿಂದ ಬೇರ್ಪಡಿಸಿ ನೋಡಲೇ ಬಾರದು ಎಂದು ಅವರು ಹಟ ಹಿಡಿದದ್ದಕ್ಕೆ ಮೂಲ ಇಲ್ಲೇ ಇದೆ ಎಂದು ಜೀವನಚರಿತ್ರೆಕಾರರು ಹೇಳುತ್ತಾರೆ. ಒಪ್ಪಬಹುದು.

ಮನೆಯವರ ಆಸೆಯಂತೆ ಹುಡುಗ ಸ್ವಲ್ಪ ಕಾಲ ಬ್ಯಾಂಕಿನಲ್ಲಿ ಕೆಲಸ ಮಾಡಿದ. ಆಮೇಲೆ ಎಡಿನ್‌ಬರೋ ವಿಶ್ವವಿದ್ಯಾಲಯಕ್ಕೆ ಸಸ್ಯಶಾಸ್ತ್ರ ಕಲಿಯಲು ಹೋಗಿ, ಒಂದೇ ವಾರಕ್ಕೆ ಬೇಸತ್ತು ಬಿಟ್ಟು ಬಂದ. ಹೋಗಿ ಸೇರಿದ್ದು ಲಂಡನ್ನಿನಲ್ಲಿ ಥಾಮಸ್ ಹಕ್ಸ್‌ಲಿ ಅವರ ಬಳಿ. ಹಕ್ಸ್‌ಲಿ ಡಾರ್ವಿನ್ನನ ಪರ ವಕಾಲತ್ತು ವಹಿಸಿ ಬಯ್ಯಿಸಿಕೊಂಡ, ಬಯ್ದ ಮಹಾನುಭಾವ. 1878ರಲ್ಲಿ ಫ್ರಾನ್ಸಿನ ಬ್ರಿಟನಿ ಕರಾವಳಿಯ ರೊಸ್ಕಾಫ್‌ನಲ್ಲಿದ್ದ ಕಡಲಜೀವಿಗಳ ಸಂಶೋಧನಾ ಕೇಂದ್ರಕ್ಕೆ ಗೆಡ್ಡಿಸ್ ಹೋದರು. ಅಲ್ಲಿಯ ಮರಳಿನಲ್ಲಿ ಒಂದು ಜಾತಿಯ ಹಸಿರು ಹುಳುವಿದೆ. ಇಳಿತದ ಹೊತ್ತಿಗೆ ಮರಳಿನ ಮೇಲೆ ಬಂದು ಬಿಸಿಲು ಕಾಯಿಸುತ್ತ ಬಿದ್ದಿರುತ್ತದೆ. ಆ ಹುಳು ಬಿಸಿಲಿನಲ್ಲಿ ಗಿಡದ ಹಾಗೆ ಆಮ್ಲಜನಕ ಬಿಡುತ್ತದೆ, ಅದರ ಮೈಯಲ್ಲಿ ಪಿಷ್ಟ ಇದೆ ಎಂದು ಅವರು ತೋರಿಸಿದರು. ಹುಳುವಿನ ಒಳಗೆ ಪಾಚಿ ಬಾಡಿಗೆಗೆ ಇದೆ, ಬಾಡಿಗೆಯನ್ನು ಆಹಾರದ ರೂಪದಲ್ಲಿ ಕೊಡುತ್ತದೆ. ಜೀವಲೋಕವೆಂದರೆ ಬರೀ ಹೊಡೆದಾಟ ಎಂದು ಹೇಳುತ್ತಿದ್ದ ಕಾಲದಲ್ಲಿ ಒಬ್ಬ ತರುಣನಿಗೆ ಸಹಬಾಳ್ವೆಯ ಪುರಾವೆ ಸೂಕ್ಷ್ಮದರ್ಶಕದ ಅಡಿಯಲ್ಲಿ ಸಿಕ್ಕಿತು. ಫ್ರಾನ್ಸಿನಿಂದ ಅವರಿಗೆ ಬಂದದ್ದು ಇನ್ನೊಂದಿದೆ. ಪ್ಯಾರಿಸ್ಸಿನಲ್ಲಿ ಲ ಪ್ಲೇ ಎಂಬ ಗಣಿ ಇಂಜಿನಿಯರ್ ಕಾರ್ಮಿಕ ಕುಟುಂಬಗಳ ಜಮಾಖರ್ಚನ್ನು ಒಂದೊಂದಾಗಿ ಬರೆದಿಟ್ಟು ಸಮಾಜವನ್ನು ಅಳೆಯುವ ಪದ್ಧತಿ ಹಾಕಿಕೊಟ್ಟಿದ್ದ. ಪಠ್ಯಪುಸ್ತಕದ ಸ್ಥಳ, ದುಡಿಮೆ, ಜನ ಅಲ್ಲಿಂದ ಬಂದದ್ದು.

1879ರಲ್ಲಿ ಸಂಶೋಧನೆಗೆಂದು ಮೆಕ್ಸಿಕೋಗೆ ಹೋದಾಗ ಕಣ್ಣು ಕೈಕೊಟ್ಟಿತು. ವಾರಗಟ್ಟಲೆ ಕತ್ತಲೆ ಕೋಣೆ, ಕಣ್ಣಿಗೆ ಪಟ್ಟಿ. ಕಿಟಕಿಯ ಚೌಕಟ್ಟುಗಳನ್ನು ಬೆರಳಿನಿಂದ ಸವರುತ್ತ, ಒಂದೊಂದು ಚೌಕಕ್ಕೆ ಒಂದೊಂದು ವಿಚಾರವನ್ನು ಕೂರಿಸಿ ಯೋಚಿಸುವುದನ್ನು ರೂಢಿ ಮಾಡಿಕೊಂಡರು. ದೃಷ್ಟಿ ಮರಳಿತು, ಆದರೆ ಸೂಕ್ಷ್ಮದರ್ಶಕದ ಕೆಲಸಕ್ಕೆ ಸಾಕಾಗುವಷ್ಟಲ್ಲ. ಕಾಗದವನ್ನು ಮಡಚಿ ಚೌಕ ಮಾಡಿ, ಚೌಕದೊಳಗೆ ಲೋಕವನ್ನೆಲ್ಲ ತುಂಬುವ ಚಟ ಮಾತ್ರ ಸಾಯುವವರೆಗೆ ಬಿಡಲಿಲ್ಲ. ವಿದ್ಯಾರ್ಥಿಗಳು ಬರೆಯುವ ಆ ಚೌಕದ ಚಿತ್ರ ಇದೇ. ಅದನ್ನು ನೋಡಿ ಬೆರಗಾದವರಿದ್ದಾರೆ. ನನಗೆ ಅದು ಅವರ ಅತ್ಯಂತ ದುರ್ಬಲ ಭಾಗ ಅನಿಸುತ್ತದೆ.

ಈಗ ಎಡಿನ್‌ಬರೋಗೆ ಬರೋಣ. ಕೋಟೆಯಿಂದ ಇಳಿಯುವ ಬೆನ್ನೇಣಿನ ಮೇಲೆ ಹಳೆಯ ಪಟ್ಟಣ. 1767ರಲ್ಲಿ ಜೇಮ್ಸ್ ಕ್ರೇಗ್ ಎಂಬ ತರುಣ ವಾಸ್ತುಶಿಲ್ಪಿಯ ನಕ್ಷೆಯಂತೆ ಬಡಗಣ ಬಯಲಿನಲ್ಲಿ ನೇರ ಬೀದಿಗಳ ಹೊಸ ಪಟ್ಟಣ ಏಳಲು ಶುರುವಾಯಿತು. ಉಳ್ಳವರೆಲ್ಲ ಅಲ್ಲಿಗೆ ಗುಳೆ ಹೋದರು. ಒಂದು ಕಾಲಕ್ಕೆ ವಕೀಲರು, ಪಂಡಿತರು, ಜಮೀನ್ದಾರರು ಇದ್ದ ಬಹುಮಹಡಿ ವಠಾರಗಳು ಬಡವರ ಪಾಲಾಗಿ, ಕೋಣೆಗೊಂದು ಸಂಸಾರವಾಗಿ, ಕೊಳೆತವು. ನಗರಸಭೆಯವರಿಗೆ ಗೊತ್ತಿದ್ದ ಮದ್ದು ಒಂದೇ: ಕೆಡವಿ ಅಗಲ ಬೀದಿ ಮಾಡು.

ಗೆಡ್ಡಿಸ್ 1886ರಲ್ಲಿ ಆನಾ ಮಾರ್ಟನ್ ಅವರನ್ನು ಮದುವೆಯಾದರು. ಆಕೆ ಲಿವರ್‌ಪೂಲ್‌ನ ವ್ಯಾಪಾರಿಯೊಬ್ಬರ ಮಗಳು, ಸಂಗೀತ ಬಲ್ಲವರು. ಹೊಸ ಪಟ್ಟಣದಲ್ಲಿ ಅಚ್ಚುಕಟ್ಟಾದ ಮನೆ ಮಾಡಿಕೊಂಡು ಇರಬಹುದಾಗಿದ್ದ ದಂಪತಿ, ಮರುವರ್ಷ ಹಳೆಯ ಪಟ್ಟಣದ ಜೇಮ್ಸ್ ಕೋರ್ಟ್ ಎಂಬ ವಠಾರಕ್ಕೆ ಬಂದು ಸೇರಿದರು. ಬಂದವರು ಭಾಷಣ ಮಾಡಲಿಲ್ಲ. ತಮ್ಮ ಕೋಣೆಗಳನ್ನು ತೊಳೆದು ಬಣ್ಣ ಹೊಡೆದರು, ಕಿಟಕಿಗೆ ಹೂಕುಂಡ ಇಟ್ಟರು. ನೆರೆಯವರು ಕೈಜೋಡಿಸಿದಂತೆ ಅಂಗಳ ಸ್ವಚ್ಛವಾಯಿತು, ಗೋಡೆಗಳಿಗೆ ಸುಣ್ಣ ಬಿತ್ತು, ತಿಪ್ಪೆಯಿದ್ದ ಮೂಲೆಗಳಲ್ಲಿ ತೋಟ ಎದ್ದಿತು. ಮಕ್ಕಳು ಹುಟ್ಟಿದ ಮೇಲೂ ಆ ನೆರೆ ಬಿಡಲಿಲ್ಲ. ಬಡವರ ಕೇರಿಯ ಉದ್ಧಾರವನ್ನು ಬಡವರ ಕೇರಿಯಲ್ಲಿ ಇದ್ದು ಮಾಡುವುದು ಅಂದಿಗೂ ಇಂದಿಗೂ ಅಪರೂಪ.

ಒಂದು ಕಟ್ಟಡದಿಂದ ಇನ್ನೊಂದಕ್ಕೆ ಕೆಲಸ ಹಬ್ಬಿತು. ಹಳೆಯ ವಠಾರಗಳನ್ನು ಸಾಲ ಮಾಡಿ ಕೊಂಡು, ದುರಸ್ತಿ ಮಾಡಿ, ವಿದ್ಯಾರ್ಥಿಗಳೇ ನಡೆಸಿಕೊಳ್ಳುವ ವಸತಿಗೃಹಗಳನ್ನು ತೆರೆದರು. ಕೋಟೆಯ ಬುಡದಲ್ಲಿ, ಕವಿ ಆಲನ್ ರ‍್ಯಾಮ್ಸೆಯ ಎಂಟು ಮೂಲೆಯ ಹಳೆಯ ಮನೆಯನ್ನು ಕೆಡವದೆ ಒಳಗೆ ಸೇರಿಸಿಕೊಂಡು, 1890ರ ದಶಕದ ಮೊದಲ ವರ್ಷಗಳಲ್ಲಿ ರ‍್ಯಾಮ್ಸೆ ಗಾರ್ಡನ್ ಎಂಬ ಮನೆಗಳ ಗುಂಪು ಎದ್ದಿತು. ಬಿಳಿ ಗೋಡೆ, ಕೆಂಪು ಹೆಂಚು. ಪ್ರಿನ್ಸಸ್ ಸ್ಟ್ರೀಟ್‌ನಿಂದ ತಲೆಯೆತ್ತಿ ನೋಡಿದರೆ ಇವತ್ತಿಗೂ ಕಾಣುತ್ತದೆ. ಪ್ರಾಧ್ಯಾಪಕರು, ಕಲಾವಿದರು ಹಳೆಯ ಪಟ್ಟಣಕ್ಕೆ ಮರಳಿ ಬರಲಿ, ಬಡವರೂ ಉಳ್ಳವರೂ ಒಂದೇ ಬೆನ್ನೇಣಿನ ಮೇಲೆ ಇರಲಿ ಎಂಬುದು ಲೆಕ್ಕಾಚಾರ. ಲೆಕ್ಕಾಚಾರ ಸರಿಯಿತ್ತು, ಲೆಕ್ಕ ಸರಿಯಿರಲಿಲ್ಲ. ಸಾಲ ಕುತ್ತಿಗೆಗೆ ಬಂದು, 1896ರಲ್ಲಿ ಸ್ನೇಹಿತರು ಸೇರಿ ಒಂದು ಕಂಪನಿ ಮಾಡಿ ಆಸ್ತಿಗಳನ್ನು ವಹಿಸಿಕೊಂಡು ಪಾರು ಮಾಡಬೇಕಾಯಿತು. ಮನೆಯ ಜಮಾಖರ್ಚು ನೋಡಿಕೊಂಡು, ಗಂಡ ಹಚ್ಚಿದ ನೂರು ಕೆಲಸಗಳಲ್ಲಿ ಕೆಲವನ್ನಾದರೂ ದಡ ಮುಟ್ಟಿಸಿದ ಆನಾ ಅವರ ಹೆಸರು ಲಘು ಟಿಪ್ಪಣಿಗಳಲ್ಲಿ ಇರುವುದಿಲ್ಲ. ಇರಬೇಕು.

ಇಷ್ಟೆಲ್ಲ ಮಾಡಲು ಪುರುಸೊತ್ತು ಎಲ್ಲಿಂದ ಬಂತು ಎಂದು ಕೇಳಬಹುದು. ಉತ್ತರ ಈ ಸಭೆಗೆ ಹಿತವಾಗುತ್ತದೆ: ಒಂದು ದತ್ತಿಯಿಂದ. ಎಡಿನ್‌ಬರೋದ ಸಸ್ಯಶಾಸ್ತ್ರ ಪೀಠಕ್ಕೆ 1888ರಲ್ಲಿ ಅರ್ಜಿ ಹಾಕಿ ಅವರು ಸೋತಿದ್ದರು. ಗೆಳೆಯ ಮಾರ್ಟಿನ್ ವೈಟ್ ಎಂಬ ಧನಿಕ ಡಂಡೀ ನಗರದ ಕಾಲೇಜಿನಲ್ಲಿ ಅವರಿಗಾಗಿಯೇ ದುಡ್ಡು ಇಟ್ಟು ಪೀಠ ಸ್ಥಾಪಿಸಿದ. ಷರತ್ತು ಏನೆಂದರೆ ಬೇಸಗೆಯ ಅವಧಿಯಲ್ಲಿ ಮಾತ್ರ ಪಾಠ. ವರ್ಷದ ಉಳಿದ ಒಂಬತ್ತು ತಿಂಗಳು ಅವರದೇ. 1919ರವರೆಗೆ ಆ ಪೀಠದಲ್ಲಿದ್ದರು. ದಾನಿಗಳು ಕೆಲವೊಮ್ಮೆ ಇಂಥ ಷರತ್ತನ್ನೂ ಹಾಕಬಹುದು ಎಂದು ವಿನಯದಿಂದ ಸೂಚಿಸುತ್ತೇನೆ.

1892ರಲ್ಲಿ ರ‍್ಯಾಮ್ಸೆ ಗಾರ್ಡನ್ ಪಕ್ಕದ ಒಂದು ಗೋಪುರ ಅವರ ಕೈಗೆ ಬಂತು. ನೆತ್ತಿಯ ಮೇಲೆ ಕ್ಯಾಮೆರಾ ಅಬ್ಸ್‌ಕ್ಯೂರಾ ಇತ್ತು: ಕತ್ತಲೆ ಕೋಣೆಯ ನಡುವಿನ ಬಿಳಿ ಮೇಜಿನ ಮೇಲೆ, ಕನ್ನಡಿ ಮತ್ತು ಮಸೂರದ ಮೂಲಕ, ಹೊರಗಿನ ಊರು ಚಲಿಸುತ್ತಿರುವಂತೆಯೇ ಬಂದು ಬೀಳುತ್ತದೆ. ಗೆಡ್ಡಿಸ್ ಅದಕ್ಕೆ ಔಟ್‌ಲುಕ್ ಟವರ್ ಎಂದು ಹೆಸರಿಟ್ಟು ಇಡೀ ಕಟ್ಟಡವನ್ನು ವಸ್ತುಸಂಗ್ರಹಾಲಯ ಮಾಡಿದರು. ಬಂದವರನ್ನು ಮೊದಲು ಸರಸರನೆ ನೆತ್ತಿಗೆ ಹತ್ತಿಸಿ, ಏದುಸಿರು ಇರುವಾಗಲೇ ಊರನ್ನು ತೋರಿಸುವುದು ಅವರ ರೀತಿ. ಆಮೇಲೆ ಒಂದೊಂದೇ ಮಹಡಿ ಇಳಿಯಬೇಕು: ಎಡಿನ್‌ಬರೋ, ಸ್ಕಾಟ್ಲೆಂಡ್, ಇಂಗ್ಲಿಷ್ ಆಡುವ ನಾಡುಗಳು, ಯೂರೋಪ್, ಕೆಳಗೆ ಜಗತ್ತು. ನಡುವೆ ಕುರ್ಚಿಯ ಹೊರತು ಏನೂ ಇಲ್ಲದ ಒಂದು ಕೋಣೆ, ಕೂತು ಯೋಚಿಸಲು. ನಮ್ಮ ನಗರಗಳಲ್ಲಿ ಅಭಿವೃದ್ಧಿ ಪ್ರಾಧಿಕಾರದ ನಕ್ಷೆಯನ್ನು ಸಾರ್ವಜನಿಕರ ಆಕ್ಷೇಪಣೆಗೆಂದು ಯಾವುದೋ ಕಚೇರಿಯ ಕಾರಿಡಾರಿನಲ್ಲಿ ತೂಗುಹಾಕಿರುವುದನ್ನು ನೋಡಿದವರಿಗೆ ಈ ಗೋಪುರದ ಬೆಲೆ ಗೊತ್ತಾಗುತ್ತದೆ.

1904ರಲ್ಲಿ ಡನ್‌ಫರ್ಮ್‌ಲಿನ್ ಊರಿಗೆ ಉಕ್ಕಿನ ದೊರೆ ಆಂಡ್ರ್ಯೂ ಕಾರ್ನೆಗಿ ಕೊಟ್ಟ ಉದ್ಯಾನಕ್ಕಾಗಿ ದಪ್ಪನೆಯ ವರದಿ ಬರೆದುಕೊಟ್ಟರು. ಉದ್ಯಾನ ಕೇಳಿದರೆ ಇಡೀ ಊರಿಗೆ ಯೋಜನೆ ಕೊಟ್ಟಿದ್ದಾನೆ ಎಂದು ಟ್ರಸ್ಟಿಗಳು ಬದಿಗಿಟ್ಟರು. ನಗರ ಯೋಜನೆಯ ವಿಚಾರ ಜನಕ್ಕೆ ತಲುಪಲಿ ಎಂದು ನಕ್ಷೆ, ಚಿತ್ರ, ಛಾಯಾಚಿತ್ರಗಳ ಒಂದು ಸಂಚಾರಿ ಪ್ರದರ್ಶನವನ್ನು ವರ್ಷಗಳ ಕಾಲ ಬೆಳೆಸಿದರು. 1913ರಲ್ಲಿ ಬೆಲ್ಜಿಯಂನ ಗೆಂಟ್‌ನಲ್ಲಿ ಅದಕ್ಕೆ ಮೊದಲ ಬಹುಮಾನ ಸಿಕ್ಕಿತು.

ಆ ಪ್ರದರ್ಶನವೇ ಅವರನ್ನು ಭಾರತಕ್ಕೆ ತಂದದ್ದು. ಮದ್ರಾಸಿನ ಗವರ್ನರ್ ಲಾರ್ಡ್ ಪೆಂಟ್‌ಲಂಡ್ ಹಿಂದೆ ಸ್ಕಾಟ್ಲೆಂಡಿನ ಮಂತ್ರಿಯಾಗಿದ್ದವರು, ಅವರು ಕರೆಸಿಕೊಂಡರು. 1914ರ ಶರತ್ಕಾಲದಲ್ಲಿ ಗೆಡ್ಡಿಸ್ ಒಂದು ಹಡಗಿನಲ್ಲಿ, ಪ್ರದರ್ಶನದ ಸಾಮಾನು ಕ್ಲ್ಯಾನ್ ಗ್ರಾಂಟ್ ಎಂಬ ಇನ್ನೊಂದು ಹಡಗಿನಲ್ಲಿ. ಆಗ ಮಹಾಯುದ್ಧ ಶುರುವಾಗಿ ಹಿಂದೂ ಮಹಾಸಾಗರದಲ್ಲಿ ಜರ್ಮನರ ಯುದ್ಧನೌಕೆ ಎಮ್ಡನ್ ಓಡಾಡುತ್ತಿತ್ತು. ಸೆಪ್ಟೆಂಬರಿನಲ್ಲಿ ಮದ್ರಾಸಿನ ಎಣ್ಣೆ ಟ್ಯಾಂಕುಗಳಿಗೆ ಗುಂಡು ಹಾರಿಸಿ ಪಟ್ಟಣವನ್ನು ನಡುಗಿಸಿದ ಅದೇ ಹಡಗು ಅಕ್ಟೋಬರಿನಲ್ಲಿ ಕ್ಲ್ಯಾನ್ ಗ್ರಾಂಟನ್ನು ಮುಳುಗಿಸಿತು. ಅರವತ್ತು ವರ್ಷದ ಮನುಷ್ಯನ ಜೀವಮಾನದ ಸಂಗ್ರಹ ನೀರಿನ ಪಾಲು. ಇಂಗ್ಲೆಂಡಿನಲ್ಲಿದ್ದ ಸ್ನೇಹಿತರು ತರಾತುರಿಯಲ್ಲಿ ಹೊಸ ಸಾಮಗ್ರಿ ಕೂಡಿಸಿ ಕಳಿಸಿದರು. 1915ರ ಆರಂಭದಲ್ಲಿ ಮದ್ರಾಸು ವಿಶ್ವವಿದ್ಯಾಲಯದ ಸೆನೆಟ್ ಹೌಸಿನಲ್ಲಿ ಪ್ರದರ್ಶನ ನಡೆದೇಬಿಟ್ಟಿತು.

ಅವರು ಬಂದಾಗ ನಮ್ಮ ಊರುಗಳ ಮೇಲೆ ಪ್ಲೇಗಿನ ನೆರಳು ಇತ್ತು. 1896ರಲ್ಲಿ ಬೊಂಬಾಯಿಗೆ ಬಂದ ಪ್ಲೇಗು ಎರಡೇ ವರ್ಷಕ್ಕೆ ಬೆಂಗಳೂರನ್ನೂ ಹೊಕ್ಕಿತು. ಬಸವನಗುಡಿ, ಮಲ್ಲೇಶ್ವರಗಳು ಆ ಹೆದರಿಕೆಯಲ್ಲೇ ಬೆಳೆದ ಬಡಾವಣೆಗಳು. ಬೊಂಬಾಯಿಯಲ್ಲಿ 1898ರಲ್ಲಿ ಇಂಪ್ರೂವ್‌ಮೆಂಟ್ ಟ್ರಸ್ಟ್ ಸ್ಥಾಪನೆಯಾಯಿತು. ಹಳೆ ಪೇಟೆಗಳ ಇಕ್ಕಟ್ಟೇ ರೋಗದ ಬೇರು, ಅದನ್ನು ಸೀಳಿ ಗಾಳಿ ಬಿಡಬೇಕು ಎಂಬುದು ಎಲ್ಲ ಕಡೆಯ ಸರ್ಕಾರಿ ನಂಬಿಕೆ. ರೋಗ ಇಲಿಯ ಮೈಮೇಲಿನ ಚಿಗಟದಿಂದ ಬರುತ್ತದೆಂದು ಗೊತ್ತಾದ ಮೇಲೂ ಇಂಜಿನಿಯರುಗಳ ಕೈಯಲ್ಲಿದ್ದ ಅಳತೆಪಟ್ಟಿ ಮಾತ್ರ ಬದಲಾಗಲಿಲ್ಲ.

ಗೆಡ್ಡಿಸ್ 1914–15ರಲ್ಲಿ ಮದ್ರಾಸ್ ಪ್ರಾಂತದ ಊರುಗಳನ್ನು ಸುತ್ತಿ ವರದಿ ಬರೆದರು. ತಂಜಾವೂರು, ಮಧುರೆ, ಕೊಯಮತ್ತೂರುಗಳ ಜೊತೆ ಆ ಪಟ್ಟಿಯಲ್ಲಿ ನಮ್ಮ ಬಳ್ಳಾರಿಯೂ ಇದೆ. ಬಳ್ಳಾರಿ ಮೈಸೂರು ರಾಜ್ಯಕ್ಕೆ ಸೇರಿದ್ದು 1953ರಲ್ಲಿ. ಆಗ ಅದು ಮದ್ರಾಸಿನದು. ಮುಂದೆ ಬರೋಡ, ನಾಗಪುರ, ಲಖನೌ, ಲಾಹೋರ್, ಕಪೂರ್ಥಲ, ಬಲರಾಂಪುರ, ಢಾಕಾ ಎಂದು ಪಟ್ಟಿ ಬೆಳೆಯುತ್ತದೆ. ಎಲ್ಲ ಸೇರಿ ಐವತ್ತರ ಆಸುಪಾಸು ಊರುಗಳು.

ವಿಧಾನ ಹೀಗೆ. ಮುನಿಸಿಪಾಲಿಟಿಯ ನಕ್ಷೆಯಲ್ಲಿ ಹಳೆ ಕೇರಿಯ ಮೇಲೆ ರೂಲು ದೊಣ್ಣೆಯಿಂದ ಎಳೆದ ಒಂದು ನೇರ ಗೆರೆ ಇರುತ್ತದೆ: ಬರಲಿರುವ ಅಗಲ ರಸ್ತೆ. ಗೆಡ್ಡಿಸ್ ಆ ನಕ್ಷೆಯನ್ನು ಹಿಡಿದು ಓಣಿಗೆ ಇಳಿಯುತ್ತಿದ್ದರು. ಬಿಸಿಲಲ್ಲಿ ಗಂಟೆಗಟ್ಟಲೆ ಮನೆಮನೆ ನೋಡುತ್ತಿದ್ದರು. ಯಾವ ಮನೆ ಬೀಳುವಂತಿದೆ, ಯಾವುದು ಗಟ್ಟಿ. ಪಾಳು ನಿವೇಶನ ಎಲ್ಲಿದೆ, ಹಿತ್ತಿಲು ಎಲ್ಲಿ ಯಾರಿಗೂ ಬೇಡವಾಗಿ ಬಿದ್ದಿದೆ. ಆಮೇಲೆ ಆ ನೇರ ಗೆರೆ ಹೋಗಿ, ಇದ್ದ ಓಣಿಗಳನ್ನೇ ಒಂದಕ್ಕೊಂದು ಕೂಡಿಸುವ ವಕ್ರ ದಾರಿ ಬರುತ್ತಿತ್ತು. ಇಲ್ಲಿ ಬಿದ್ದುಹೋದ ಎರಡು ಮನೆಯ ಜಾಗ ಸೇರಿಸಿ ಸಣ್ಣ ಬಯಲು, ಅಲ್ಲಿ ಒಂದು ಮೂಲೆ ಕತ್ತರಿಸಿ ಗಾಳಿ, ಬಾವಿಯ ಸುತ್ತ ಕಲ್ಲುಹಾಸು, ಬಯಲಿನ ನಡುವೆ ಮರ. ಕೆಡವುವ ಮನೆಗಳು ಬೆರಳೆಣಿಕೆಗೆ ಇಳಿದವು, ಪರಿಹಾರದ ದುಡ್ಡೂ ಜೊತೆಗೇ ಇಳಿಯಿತು. ಇದಕ್ಕೆ ಅವರು ಇಟ್ಟ ಹೆಸರು ಕನ್ಸರ್ವೇಟಿವ್ ಸರ್ಜರಿ: ಉಳಿಸುವುದಕ್ಕಾಗಿ ಕೊಯ್ಯುವುದು, ಆದಷ್ಟು ಕಡಿಮೆ ಕೊಯ್ಯುವುದು. ತಂಜಾವೂರಿನ ವರದಿಯಲ್ಲಿ ಅವರು ಈ ಪದ್ಧತಿಯ ಕಷ್ಟವನ್ನೂ ಮುಚ್ಚಿಡುವುದಿಲ್ಲ. ಕಚೇರಿಯಲ್ಲಿ ಕೂತು ಆಗುವ ಕೆಲಸ ಇದಲ್ಲ. ಅಲೆದು ಅಲೆದು ಸಾಕಾಗುತ್ತದೆ. ಸಹನೆಗೆಟ್ಟ ಚದುರಂಗದ ಆಟಗಾರನಂತೆ ಕಾಯಿಗಳನ್ನೆಲ್ಲ ಒಂದೇ ಸಲ ಗುಡಿಸಿ ಹಾಕೋಣ ಅನಿಸುತ್ತದೆ ಎಂದು ಬರೆಯುತ್ತಾರೆ. ಈ ಪ್ರಾಮಾಣಿಕತೆಗಾಗಿ ಅವರ ಚೌಕಗಳನ್ನೆಲ್ಲ ಕ್ಷಮಿಸಬಹುದು.

ಕೆರೆಗಳ ವಿಚಾರದಲ್ಲೂ ಹೀಗೇ. ಮಲೇರಿಯಾ ಸೊಳ್ಳೆಗೆ ಹೆದರಿ ಊರ ಕೆರೆ, ಕಲ್ಯಾಣಿಗಳನ್ನು ಮಣ್ಣು ತುಂಬಿ ಮುಚ್ಚುವುದು ಆಗಿನ ವೈದ್ಯ ಇಲಾಖೆಯ ಉಮೇದು. ಗೆಡ್ಡಿಸ್ ಬೇಡವೆಂದರು. ನೀರು ಊರಿನ ಬಿಸಿ ತಗ್ಗಿಸುತ್ತದೆ; ಮೀನು ಬಿಡಿ, ಬಾತುಕೋಳಿ ಸಾಕಿ, ಅವು ಸೊಳ್ಳೆಮರಿಗಳನ್ನು ತಿಂದುಕೊಳ್ಳುತ್ತವೆ. ಕೊಳಾಯಿ ಬಂತೆಂದು ಬಾವಿ ಮುಚ್ಚಬೇಡಿ, ಕೊಳಾಯಿ ಕೈಕೊಟ್ಟ ದಿನಕ್ಕೆ ಇರಲಿ. ಸಂಪಂಗಿ ಕೆರೆಯ ಜಾಗದಲ್ಲಿ ಕ್ರೀಡಾಂಗಣ, ಧರ್ಮಾಂಬುಧಿಯ ಜಾಗದಲ್ಲಿ ಬಸ್ ನಿಲ್ದಾಣ ಕಂಡಿರುವ ಬೆಂಗಳೂರಿನವರಿಗೆ ಇದರ ಮೇಲೆ ಹೆಚ್ಚಿನ ವ್ಯಾಖ್ಯಾನ ಬೇಡ.

ಎಲ್ಲಕ್ಕಿಂತ ದೊಡ್ಡ ಕೆಲಸ ಇಂದೋರ್‌ನದು. ಹೋಳ್ಕರ್ ದರ್ಬಾರಿಗೆ ಕೊಟ್ಟ ವರದಿ 1918ರಲ್ಲಿ ಎರಡು ಸಂಪುಟಗಳಲ್ಲಿ ಅಚ್ಚಾಯಿತು; ಒಳಚರಂಡಿಯಿಂದ ಹಿಡಿದು ವಿಶ್ವವಿದ್ಯಾಲಯದವರೆಗೆ ಅದರಲ್ಲಿ ಇಲ್ಲದ್ದಿಲ್ಲ. ಅಲ್ಲಿ ನಡೆದ ಒಂದು ದೀಪಾವಳಿಯ ಕಥೆಯನ್ನು ಗೆಡ್ಡಿಸ್ ತಮ್ಮ ಸಹಾಯಕಿ ಅಮೆಲಿಯಾ ಡಿಫ್ರೀಸ್ ಅವರಿಗೆ ಹೇಳಿದ್ದರು, ಆಕೆ 1927ರ ಪುಸ್ತಕದಲ್ಲಿ ದಾಖಲಿಸಿದರು. ಹೇಳಿದವರು ಸ್ವತಃ ಕಥಾನಾಯಕರೇ ಆದ್ದರಿಂದ ಸ್ವಲ್ಪ ಉಪ್ಪು ಖಾರ ಬಿದ್ದಿರಬಹುದು, ಆದರೂ ಹೇಳದೆ ಇರಲಾರೆ.

ಊರಲ್ಲಿ ಪ್ಲೇಗು. ನಕ್ಷೆ ಹಿಡಿದ ಬಿಳಿಗಡ್ಡದ ಸಾಹೇಬ ಓಣಿಗೆ ಬಂದರೆ ಮನೆ ಕೆಡವುವವನು ಬಂದ ಎಂದು ಜನ ಬಾಗಿಲು ಹಾಕಿಕೊಳ್ಳುತ್ತಿದ್ದರು. ಗೆಡ್ಡಿಸ್ ದರ್ಬಾರಿನವರನ್ನು ಕೇಳಿ ಒಂದು ದಿನದ ಮಟ್ಟಿಗೆ ಹಬ್ಬದ ಅಧಿಕಾರ ಪಡೆದರು. ಡಂಗುರ ಸಾರಿಸಿದರು: ದೀಪಾವಳಿಯ ಮೆರವಣಿಗೆ ಈ ಸಲ ಹಳೆಯ ದಾರಿಯಲ್ಲಿ ಹೋಗುವುದಿಲ್ಲ; ಯಾವ ಬೀದಿಯವರು ಹೆಚ್ಚು ಮನೆ ರಿಪೇರಿ ಮಾಡಿ, ಸುಣ್ಣ ಬಳಿದು, ಕಸ ತೆಗೆದಿರುತ್ತಾರೋ ಆ ಬೀದಿಯಲ್ಲಿ ಹೋಗುತ್ತದೆ. ಊರು ಊರೇ ಪೊರಕೆ ಹಿಡಿಯಿತು. ಗಾಡಿಗಟ್ಟಲೆ ಕಸ ಹೊರಗೆ ಹೋಯಿತು. ಹಬ್ಬದ ದಿನ ಮುಂದೆ ಆನೆ, ಒಂಟೆ, ಕುದುರೆ, ಸುಗ್ಗಿಯ ಬಂಡಿಗಳು. ಹಿಂದೆ ಕರ್ಕಶ ವಾದ್ಯದ ಜೊತೆ ಕೊಳಕಿನ ರಾಕ್ಷಸರು, ಮುರುಕು ಮನೆಗಳ ಮಾದರಿಗಳು, ಮೈಯೆಲ್ಲ ಮುಳ್ಳಿನಂತೆ ಕೂದಲು ನಿಮಿರಿದ ಪ್ಲೇಗಿನ ಮಹಾ ಇಲಿ. ಅದರ ಬೆನ್ನಿಗೇ ಮಂಗಳವಾದ್ಯ. ಬಿಳಿ ಬಟ್ಟೆ ತೊಟ್ಟು ಹೂಮಾಲೆ ಹಾಕಿಕೊಂಡ ಬೀದಿ ಗುಡಿಸುವ ಕಾರ್ಮಿಕರು, ಹೊಸ ಪೊರಕೆ ಹೊತ್ತು, ಕೊಂಬಿಗೆ ಬಣ್ಣ ಬಳಿದ ಎತ್ತುಗಳ ಜೊತೆ. ಅವರ ಹಿಂದೆ ಊರಿನ ಹೊಸ ನಕ್ಷೆ ಹಿಡಿದ ನಗರದೇವತೆ. ಮನೆಮನೆಗೆ ತುಳಸಿ ಸಸಿ. ರಾತ್ರಿ ರಾಕ್ಷಸನನ್ನೂ ಇಲಿಯನ್ನೂ ಸುಟ್ಟರು. ಸರ್ಕಾರದ ಖಜಾನೆಯಿಂದ ಹೋದದ್ದು ಒಂದು ಮೆರವಣಿಗೆಯ ಖರ್ಚು. ಉಳಿದದ್ದನ್ನು ಊರಿನವರು ತಾವಾಗಿ ಮಾಡಿದರು. ನಾನು ಅಂದಾಜು ಪಟ್ಟಿ ಎಂದದ್ದು ಇದನ್ನೇ.

ಇದೇ ವರ್ಷಗಳಲ್ಲಿ ಮನೆಯ ದೀಪಗಳು ಆರಿದವು. ಹಿರಿಯ ಮಗ ಅಲಾಸ್ಟೇರ್ ಭಾರತಕ್ಕೆ ಬಂದು ತಂದೆಗೆ ಪ್ರದರ್ಶನದಲ್ಲಿ ನೆರವಾಗಿ, ಮರಳಿ ಹೋಗಿ ಸೇನೆ ಸೇರಿದ್ದ. 1917ರ ಏಪ್ರಿಲ್‌ನಲ್ಲಿ ಫ್ರಾನ್ಸಿನಲ್ಲಿ ಸತ್ತ. ಆಗ ಆನಾ ಕಲ್ಕತ್ತೆಯಲ್ಲಿ ಜ್ವರ ಹಿಡಿದು ಮಲಗಿದ್ದರು. ಗಂಡ ಸುದ್ದಿ ಹೇಳಲಿಲ್ಲ. ಜೂನ್‌ನಲ್ಲಿ ಆಕೆ ತೀರಿಕೊಂಡಾಗ ಮಗ ಬದುಕಿದ್ದಾನೆಂದೇ ತಿಳಿದಿದ್ದರು. ಇಂದೋರಿನ ಮೆರವಣಿಗೆ ನಡೆಸಿದ ಮನುಷ್ಯ ಆಗ ವಿಧುರ ಎಂಬುದು ಆ ಕಥೆ ಕೇಳುವಾಗ ನೆನಪಿರಬೇಕು.

1919ರಲ್ಲಿ ಬೊಂಬಾಯಿ ವಿಶ್ವವಿದ್ಯಾಲಯದಲ್ಲಿ ಸಿವಿಕ್ಸ್ ಮತ್ತು ಸಮಾಜಶಾಸ್ತ್ರ ವಿಭಾಗ ತೆರೆದು ಗೆಡ್ಡಿಸ್ ಅವರನ್ನು ಮುಖ್ಯಸ್ಥರನ್ನಾಗಿ ಮಾಡಿದರು. 1920ರಲ್ಲಿ ಅವರು ಗೆಳೆಯ ಜಗದೀಶಚಂದ್ರ ಬೋಸರ ಜೀವನಚರಿತ್ರೆ ಬರೆದರು. ರವೀಂದ್ರನಾಥ ಟಾಗೋರರ ಜೊತೆ ವಿಶ್ವಭಾರತಿಯ ಬಗ್ಗೆ ಪತ್ರವ್ಯವಹಾರ ಇತ್ತು. ಕಿರಿಯ ಮಗ ಆರ್ಥರ್ ರವೀಂದ್ರರ ಶ್ರೀನಿಕೇತನದಲ್ಲಿ ಕೆಲಸ ಮಾಡಿದ. ತರಗತಿಯ ಗೆಡ್ಡಿಸ್ ಬಗ್ಗೆ ಒಳ್ಳೆಯ ಮಾತು ಕಡಿಮೆ. ಗಡ್ಡದೊಳಗೇ ಮಾತಾಡುತ್ತಿದ್ದರು, ಒಂದು ವಾಕ್ಯ ಮುಗಿಯುವ ಮೊದಲೇ ಇನ್ನೊಂದಕ್ಕೆ ಹಾರುತ್ತಿದ್ದರು. ಅವರ ಶಿಷ್ಯ ಜಿ. ಎಸ್. ಘುರ್ಯೆ 1924ರಲ್ಲಿ ವಿಭಾಗ ವಹಿಸಿಕೊಂಡರು. ಘುರ್ಯೆಯವರ ಬಳಿ ಓದಿದವರು ನಮ್ಮ ಎಂ. ಎನ್. ಶ್ರೀನಿವಾಸ್, ಮೈಸೂರಿನ ಮದುವೆ ಮತ್ತು ಕುಟುಂಬದ ಬಗೆಗಿನ 1942ರ ಪುಸ್ತಕ ಆ ವಿಭಾಗದಲ್ಲಿ ಮೊಳೆತದ್ದು. ಗುರುಪರಂಪರೆ ಎನ್ನಲು ಅಡ್ಡಿಯಿಲ್ಲ, ಆದರೆ ಘುರ್ಯೆ ಗುರುವಿನ ಹಾಗೆ ಓಣಿ ಅಳೆಯಲಿಲ್ಲ, ಹಳೆಯ ಗ್ರಂಥಗಳ ಕಡೆ ಹೋದರು. ಓಣಿಯ ಬದಲು ಹಳ್ಳಿಯಲ್ಲಿ ಕಾಲೂರಿ ನೋಡುವ ಕೆಲಸ ಶ್ರೀನಿವಾಸರ ಕಾಲಕ್ಕೆ ಮರಳಿ ಬಂತು.

ಗೆಡ್ಡಿಸ್ ಅವರನ್ನು ಹೊಗಳಿ ಮುಗಿಸಿಬಿಡುವುದು ಸುಲಭ. ಆದರೆ ಕೆಲವು ಮಾತು ಹೇಳಲೇಬೇಕು. ಗುಡಿ, ತೇರು, ಜಾತ್ರೆ, ರಂಗೋಲಿ ಬಿಡಿಸಿದ ಅಂಗಳ ಇವುಗಳಲ್ಲಿ ಅವರು ನಮ್ಮ ಊರಿನ ಆರೋಗ್ಯವನ್ನು ಕಂಡರು. ಸರಿಯೇ. ಆದರೆ ತಾವು ಉಳಿಸಿದ ಬಾವಿಯಿಂದ ಯಾರು ನೀರು ಸೇದಬಹುದು, ಯಾರು ಸೇದಬಾರದು ಎಂಬುದು ಅವರ ಯೋಜನೆಯ ನಡುವಿನ ಪ್ರಶ್ನೆ ಆಗಲಿಲ್ಲ. ಪೊರಕೆಯವರಿಗೆ ಹೂಮಾಲೆ ಹಾಕಿಸಿದರು. ಮರುದಿನ ಅವರ ಕೇರಿ ಎಲ್ಲಿತ್ತೋ ಅಲ್ಲೇ ಇತ್ತು. ಗೆಡ್ಡಿಸ್ ಬೊಂಬಾಯಿ ಬಿಟ್ಟು ಮೂರು ವರ್ಷಕ್ಕೆ, 1927ರ ಮಾರ್ಚ್‌ನಲ್ಲಿ, ಅದೇ ಪ್ರಾಂತದ ಮಹಾಡ್‌ನಲ್ಲಿ ಅಂಬೇಡ್ಕರ್ ಚೌದಾರ್ ಕೆರೆಗಿಳಿದು ನೀರು ಕುಡಿದರು. ಕೆರೆಯನ್ನು ಉಳಿಸುವುದು, ಕೆರೆಯನ್ನು ಎಲ್ಲರದಾಗಿಸುವುದು ಎರಡು ಬೇರೆ ಕೆಲಸ. ಮೊದಲನೆಯದನ್ನಷ್ಟೇ ಗೆಡ್ಡಿಸ್ ಮಾಡಿದರು. ಇನ್ನೊಂದು: ಅವರ ಕೆಲಸಕ್ಕೆ ಗವರ್ನರನೋ ಮಹಾರಾಜನೋ ಬೇಕಾಗಿತ್ತು. ಊರಿನವರ ಪರವಾಗಿ ಮಾತಾಡುತ್ತಿದ್ದ ವರದಿಗಳು ಇಂಗ್ಲಿಷಿನಲ್ಲಿ, ಅರಮನೆಗೆ ಹೋಗುತ್ತಿದ್ದವು. ಅರಮನೆಯ ಆಸಕ್ತಿ ತೀರಿದಲ್ಲಿ ವರದಿಯ ಆಯುಸ್ಸೂ ತೀರುತ್ತಿತ್ತು. ಹೆಚ್ಚಿನವು ಕಪಾಟು ಸೇರಿದ್ದು ಹೀಗೆ.

ದೊಡ್ಡ ಪ್ರಮಾಣದಲ್ಲಿ ನೆಲಕ್ಕಿಳಿದ ಯೋಜನೆ ಭಾರತದ್ದಲ್ಲ. 1925ರಲ್ಲಿ ಟೆಲ್ ಅವೀವ್‌ಗೆ ಕೊಟ್ಟ ನಕ್ಷೆಯಲ್ಲಿ ದೊಡ್ಡ ಬೀದಿಗಳ ನಡುವೆ ಸಣ್ಣ ಬೀದಿಗಳು, ಪ್ರತಿ ಚೌಕದ ಒಳಗೆ ನೆರೆಯವರಿಗೆಲ್ಲ ಸೇರಿದ ತೋಟ ಇದ್ದವು. ಆ ಚೌಕಟ್ಟಿನ ಮೇಲೆ 1930ರ ದಶಕದ ವಾಸ್ತುಶಿಲ್ಪಿಗಳು ಕಟ್ಟಿದ ಬಿಳಿ ನಗರ 2003ರಲ್ಲಿ ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿ ಸೇರಿತು. ಪಕ್ಕದ ಜಾಫಾದ ಅರಬರ ಪಾಲಿಗೆ ಆ ಬೆಳವಣಿಗೆ ಏನು ತಂದಿತು ಎಂಬುದು ಬೇರೆಯದೇ ಉಪನ್ಯಾಸ ಕೇಳುತ್ತದೆ. ಕೊನೆಯ ವರ್ಷಗಳನ್ನು ಅವರು ಫ್ರಾನ್ಸಿನ ಮೋಂಪೆಲ್ಯೇಯಲ್ಲಿ ಕಳೆದರು, ಅಲ್ಲಿಯೂ ಒಂದು ವಿದ್ಯಾರ್ಥಿನಿಲಯ, ಒಂದು ಗೋಪುರ, ಒಂದು ತೋಟ. 1932ರ ಆರಂಭದಲ್ಲಿ ಸರ್ ಪದವಿ ಬಂತು. ಹಿಂದೊಮ್ಮೆ ಬೇಡ ಎಂದಿದ್ದವರು ಈ ಸಲ ಒಪ್ಪಿಕೊಂಡರು. ಅದೇ ಏಪ್ರಿಲ್ 17ರಂದು ತೀರಿಕೊಂಡರು.

ಭಾರತದ ವರದಿಗಳಿಂದ ಆಯ್ದ ಭಾಗಗಳನ್ನು ಜಾಕ್ವೆಲಿನ್ ಟಿರ್‌ವಿಟ್ 1947ರಲ್ಲಿ ಪುಸ್ತಕವಾಗಿ ತಂದರು. ಇಡೀ ಗೆಡ್ಡಿಸ್ ಸಾಹಿತ್ಯದಲ್ಲಿ ತೊಡಕಿಲ್ಲದೆ ಓದಿಸಿಕೊಳ್ಳುವುದು ಅದೊಂದೇ ಎಂಬುದು ನನ್ನ ಅಭಿಪ್ರಾಯ. ಏಕೆಂದರೆ ಅಲ್ಲಿ ಅವರು ಚೌಕ ಎಳೆಯುವುದಿಲ್ಲ, ಓಣಿಯಲ್ಲಿ ನಿಂತಿರುತ್ತಾರೆ. ಈ ಸಭೆಯಲ್ಲಿರುವ ಅಧ್ಯಾಪಕರಲ್ಲಿ ನನ್ನದೊಂದು ಬೇಡಿಕೆ ಇದೆ. ಮದ್ರಾಸ್ ಪ್ರಾಂತದ ವರದಿಗಳಲ್ಲಿ ಬಳ್ಳಾರಿಯ ಭಾಗವನ್ನು ಕನ್ನಡಕ್ಕೆ ತನ್ನಿ. ಅದನ್ನು ವಿದ್ಯಾರ್ಥಿಗಳ ಕೈಗೆ ಕೊಟ್ಟು ಬಳ್ಳಾರಿಯ ಹಳೆಯ ಪೇಟೆಗೆ ಕರೆದುಕೊಂಡು ಹೋಗಿ, ಅವರು ಹೇಳಿದ್ದರಲ್ಲಿ ಏನು ಉಳಿದಿದೆ, ಏನು ಹೋಗಿದೆ, ಯಾವುದು ತಪ್ಪಿತ್ತು ಎಂದು ಬರೆಸಿ. ಅದರ ಒಂದು ಪ್ರತಿಯನ್ನು ಅಲ್ಲಿಯ ಮಹಾನಗರ ಪಾಲಿಕೆಗೂ ಕೊಡಿ, ಕನ್ನಡದಲ್ಲೇ.